ಕೊಟ್ಟ ಗಿಡ, ಹೇಳದ ಮಾತು



ಪತ್ರಿಕೆಯ ಸಂಪಾದಕರು ಈ ಬಾರಿಯೂ ಫೋನ್ ಮಾಡಿ, "ಡಾಕ್ಟ್ರೇ, ಸಕ್ಕರೆ ಕಾಯಿಲೆಯ ಮೇಲೆ ಎರಡು ಪುಟ ಬರೆದುಕೊಡಿ" ಎಂದರು. ಸಕ್ಕರೆ ಕಾಯಿಲೆಯ ಬಗ್ಗೆ ಈ ಪುಟಗಳಲ್ಲಿ ನಾನು ಈಗಾಗಲೇ ಮೂರು ಸಲ ಬರೆದಿದ್ದೇನೆ. ದೀಪಾವಳಿಯ ಊಟದಲ್ಲಿ ಹೋಳಿಗೆಯ ಮೇಜಿನ ಮುಂದೆ ಇದ್ದ ಸಾಲನ್ನು ನೋಡಿದವರಿಗೆ ಆ ಮೂರು ಲೇಖನಗಳಿಂದ ಆದ ಪ್ರಯೋಜನ ಎಷ್ಟೆಂದು ಗೊತ್ತೇ ಇದೆ. ಆ ಸಾಲಿನಲ್ಲಿ ನಾನೂ ಇದ್ದೆ. ಆದ್ದರಿಂದ ಈ ಸಲ ಮನುಷ್ಯರ ರೋಗ ಬಿಟ್ಟು ಗಿಡಗಳ ರೋಗದ ವಿಷಯ ಬರೆಯುತ್ತೇನೆ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿದೆ. ಅದನ್ನು ನಿಮ್ಮೆಲ್ಲರ ಮುಂದೆ ಹೇಳಿಕೊಳ್ಳದೆ ಮನಸ್ಸಿಗೆ ಸಮಾಧಾನವಿಲ್ಲ.

ನಮ್ಮ ಮಿಶಿಗನ್ನಿನ ಚಳಿಯಲ್ಲಿ ಕರಿಬೇವು ಸಾಕುವುದೆಂದರೆ ಮನೆಯಲ್ಲಿ ಇನ್ನೊಂದು ಮಗುವನ್ನು ಸಾಕಿದಂತೆ. ಅಕ್ಟೋಬರ್ ಬಂತೆಂದರೆ ಕುಂಡಗಳನ್ನು ಒಳಗೆ ಹೊರಬೇಕು, ಮೇ ತಿಂಗಳ ತನಕ ಕಿಟಕಿಯ ಬೆಳಕಿಗಾಗಿ ಒಂದಕ್ಕೊಂದು ಜಗಳ ಹಚ್ಚಬೇಕು. ಎಂಟು ವರ್ಷಗಳ ಕೆಳಗೆ ಬೆನ್ನು ನೋವು ಶುರುವಾದ ಮೇಲೆ, ಹಿತ್ತಿಲ ದಕ್ಷಿಣದ ಗೋಡೆಗೆ ಹೊಂದಿಸಿ ಹತ್ತಡಿಗೆ ಹನ್ನೆರಡಡಿಯ ಒಂದು ಗ್ರೀನ್‌ಹೌಸ್ ಕಟ್ಟಿಸಿದೆ. ಗಾಜಿನ ಮನೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು 1889ರಲ್ಲಿ ಅಡಿಗಲ್ಲು ಬಿದ್ದ ಲಾಲ್‌ಬಾಗಿನ ಗಾಜಿನ ಮನೆ. ನನ್ನದು ಅಷ್ಟು ವೈಭವದ್ದಲ್ಲ. ಗಾಜಿನ ಬದಲು ಪಾಲಿಕಾರ್ಬೊನೇಟ್ ಹಾಳೆ, ಮೂಲೆಯಲ್ಲೊಂದು ಹೀಟರು, ಮೇಲೊಂದು ಫ್ಯಾನು. ಒಳಗೆ ಕರಿಬೇವು, ತುಳಸಿ, ಮಲ್ಲಿಗೆ, ದೊಡ್ಡಪತ್ರೆ, ವೀಳ್ಯದೆಲೆ, ಒಂದು ನಿಂಬೆ. "ಇಷ್ಟು ದುಡ್ಡಿಗೆ ಇಪ್ಪತ್ತು ವರ್ಷದ ಕರಿಬೇವನ್ನು ಅಂಗಡಿಯಿಂದಲೇ ತರಬಹುದಿತ್ತು" ಎಂದು ನನ್ನ ಹೆಂಡತಿ ಲೆಕ್ಕ ಹಾಕಿ ತೋರಿಸಿದ್ದಾಳೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುವಾಗ ಬಾಗಿಲು ತೆಗೆದೊಡನೆ ಮಲ್ಲಿಗೆಯ ವಾಸನೆ ಬಂದರೆ ಅದರ ಬೆಲೆಯನ್ನು ಯಾವ ಖಾತೆಗೆ ಹಾಕುವುದು?

ಗ್ರೀನ್‌ಹೌಸ್ ಕಟ್ಟಿಸಿದಾಗ ಒಂದು ಭ್ರಮೆಯಿತ್ತು. ನಾಲ್ಕು ಕಡೆ ಮುಚ್ಚಿದ ಜಾಗ, ಚಳಿಯಿಲ್ಲ, ಗಾಳಿಯಿಲ್ಲ, ಮೊಲ ಜಿಂಕೆಗಳ ಕಾಟವಿಲ್ಲ, ಗಿಡಗಳು ಸುಖವಾಗಿರುತ್ತವೆ ಎಂದುಕೊಂಡಿದ್ದೆ. ಗಿಡಗಳೇನೋ ಸುಖವಾಗಿದ್ದವು. ಅವುಗಳಿಗಿಂತ ಸುಖವಾಗಿದ್ದವು ಹುಳಗಳು. ಹೊರಗಿನ ತೋಟದಲ್ಲಿ ಗಿಡಹೇನನ್ನು ತಿನ್ನಲು ಗುಲಗಂಜಿ ಹುಳ ಬರುತ್ತದೆ, ಜೋರು ಮಳೆ ಎಲೆ ತೊಳೆಯುತ್ತದೆ, ಚಳಿಗಾಲ ಬಂದು ಅರ್ಧಕ್ಕರ್ಧ ಲೆಕ್ಕ ಚುಕ್ತಾ ಮಾಡುತ್ತದೆ. ಗಾಜಿನ ಮನೆಯೊಳಗೆ ಇದಾವುದೂ ಇಲ್ಲ. ಒಂದು ಬಿಳಿನೊಣ ಹೇಗೋ ಒಳಗೆ ಬಂದರೆ ಬೆಚ್ಚಗಿನ ಹವೆಯಲ್ಲಿ ಮೂರು ನಾಲ್ಕು ವಾರಕ್ಕೊಂದು ಹೊಸ ತಲೆಮಾರು ಏಳುತ್ತದೆ. ಹವೆ ಒಣಗಿದರೆ ಎಲೆಯ ಅಡಿಯಲ್ಲಿ ಕೆಂಪು ನುಸಿ ಬಲೆ ಕಟ್ಟುತ್ತದೆ. ಅದಕ್ಕೆ ಹೆದರಿ ಹವೆಯನ್ನು ತೇವ ಮಾಡಿದರೆ, ರಾತ್ರಿ ಎಲೆಯ ಮೇಲೆ ನೀರು ನಿಂತು ಬೂದುಬಣ್ಣದ ಬೂಷ್ಟು ಹಿಡಿಯುತ್ತದೆ.

ನಾನು ರೆಸಿಡೆನ್ಸಿ ಮಾಡಿದ ಕಾಲದಲ್ಲಿ ರಾತ್ರಿಗಟ್ಟಲೆ ಕಳೆದ ಐಸಿಯು ನನಗೆ ಇಲ್ಲಿ ನೆನಪಾಗುತ್ತದೆ. ರೋಗಿಗೆ ಅತಿ ಹೆಚ್ಚು ರಕ್ಷಣೆ ಸಿಗುವ ಜಾಗ ಅದು. ಮದ್ದಿಗೆ ಬಗ್ಗದ ಕ್ರಿಮಿಗಳ ಭಯ ಹೆಚ್ಚಾಗಿರುವ ಜಾಗವೂ ಅದೇ. ನಾಲ್ಕು ಗೋಡೆ ಕಟ್ಟಿ ಒಂದು ಜೀವವನ್ನು ಕಾಪಾಡಲು ಹೊರಟವನು, ಆ ಗೋಡೆಯೊಳಗೆ ಪ್ರಕೃತಿ ಮಾಡುತ್ತಿದ್ದ ಕೆಲಸವನ್ನೆಲ್ಲ ತಾನೇ ಮಾಡಬೇಕಾಗುತ್ತದೆ. ದಿನವೂ ಎಲೆ ಮಗುಚಿ ನೋಡಬೇಕು. ನೋಡುವ ಕೆಲಸವನ್ನು ಗೋಡೆಗೆ ಬಿಟ್ಟರೆ ಆಗುವುದಿಲ್ಲ.

ಇನ್ನು ನನ್ನ ಕಥೆಗೆ ಬರುತ್ತೇನೆ.

ಮೂರು ವರ್ಷಗಳ ಕೆಳಗೆ ಚಳಿಗಾಲವನ್ನು ಫ್ಲಾರಿಡಾದಲ್ಲಿ ಕಳೆದು ಬಂದ ಆತ್ಮೀಯರೊಬ್ಬರು ಕಾರಿನ ಡಿಕ್ಕಿಯಲ್ಲಿ ನನಗಾಗಿ ಒಂದು ಕರಿಬೇವಿನ ಗಿಡ ತಂದರು. ಮೂರಡಿ ಎತ್ತರ, ಎಣ್ಣೆ ಸವರಿದಂಥ ಹೊಳಪಿನ ಎಲೆ. ಎರಡು ದಿನದ ದಾರಿಯುದ್ದಕ್ಕೂ ಹೋಟೆಲಿನಲ್ಲಿ ಇಳಿದಾಗ ಗಿಡವನ್ನೂ ಇಳಿಸಿ, ನೀರು ಹಾಕಿ, ಮಗುವಿನಂತೆ ಜೋಪಾನ ಮಾಡಿ ತಂದಿದ್ದರು. ಅದನ್ನು ಅವರ ಕೈಯಿಂದ ತೆಗೆದುಕೊಂಡವನು ನೇರವಾಗಿ ಗ್ರೀನ್‌ಹೌಸಿನ ನಡುಮಧ್ಯೆ ಇಟ್ಟೆ. ಹೊಸ ರೋಗಿಯನ್ನು ಪರೀಕ್ಷೆ ಮಾಡದೆ ವಾರ್ಡಿಗೆ ಸೇರಿಸಬಾರದೆಂದು ಬಲ್ಲ ನಾನು, ಗೆಳೆಯರು ಪ್ರೀತಿಯಿಂದ ತಂದದ್ದನ್ನು ಅವರೆದುರಿಗೇ ಭೂತಗನ್ನಡಿ ಹಿಡಿದು ನೋಡುವುದು ಹೇಗೆ ಎಂದು ಸುಮ್ಮನಾದೆ. ದಾಕ್ಷಿಣ್ಯ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಸೆಪ್ಟೆಂಬರಿನ ಹೊತ್ತಿಗೆ ಅದರ ಎಲೆ ಮುಟ್ಟಿದರೆ ಕೈಗೆ ಅಂಟು ಹತ್ತತೊಡಗಿತು. ಇರುವೆಗಳು ಮೇಲೆ ಕೆಳಗೆ ಓಡಾಡುತ್ತಿದ್ದವು. ಕಾಂಡದ ಮೇಲೆ ಗಾಯದ ಹಕ್ಕಳೆಯಂಥ ಕಂದು ಚುಕ್ಕೆಗಳು. ಉಗುರಿನಲ್ಲಿ ಕೆದಕಿದರೆ ಎದ್ದು ಬಂತು. ಶಲ್ಕ ಕೀಟ, ಇಲ್ಲಿನವರು ಸ್ಕೇಲ್ ಎನ್ನುತ್ತಾರೆ. ಬೆಳೆದ ಹುಳ ಅಂಟಿದ ಜಾಗ ಬಿಟ್ಟು ಕದಲುವುದೇ ಇಲ್ಲ. ಚಿಪ್ಪಿನಡಿ ಕುಳಿತು ಗಿಡದ ರಸ ಹೀರುತ್ತಾ ಸಿಹಿ ಅಂಟನ್ನು ಹೊರಹಾಕುತ್ತದೆ. ಆದರೆ ಅದರ ಮರಿಗಳಿಗೆ ಕಾಲಿದೆ. ಕಣ್ಣಿಗೆ ಕಾಣಿಸದಷ್ಟು ಸಣ್ಣವು, ಪಕ್ಕದ ಗಿಡಕ್ಕೆ ನಡೆದು ಹೋಗುತ್ತವೆ.

ಸೋಪಿನ ನೀರು ಮಾಡಿ ಎರಡು ಸಲ ಸಿಂಪಡಿಸಿದೆ. ಅಂಟು ಹೋಯಿತು, ಇರುವೆ ಹೋದವು. ಗುಣವಾಯಿತು ಎಂದುಕೊಂಡೆ. ಸೋಪಿನ ನೀರು ಓಡಾಡುವ ಮರಿಗಳನ್ನು ಕೊಲ್ಲುತ್ತದೆ, ತಾಯಿಯ ಚಿಪ್ಪಿನಡಿಯಲ್ಲಿ ಅಡಗಿರುವುದನ್ನು ಮುಟ್ಟುವುದಿಲ್ಲ. ವಾರ ಹತ್ತು ದಿನಕ್ಕೊಮ್ಮೆ, ಮತ್ತೆ ಮತ್ತೆ, ಹೊಸ ಮರಿ ಕಾಣದಾಗುವವರೆಗೆ ಮುಂದುವರಿಸಬೇಕು. ಮೂರು ದಿನಕ್ಕೆ ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಿದ ರೋಗಿಗಳಿಗೆ ಎಷ್ಟು ಬೈದಿದ್ದೇನೋ! ನಾನು ಮಾಡಿದ್ದೂ ಅದನ್ನೇ.

ಆ ವರ್ಷದ ದೀಪಾವಳಿ ಕಾರ್ಯಕ್ರಮಕ್ಕೆ ನನ್ನ ಹಳೆಯ ಗಿಡದ ಹದಿನಾಲ್ಕು ಕರಿಬೇವಿನ ಸಸಿಗಳನ್ನು ತಂದು ಹಂಚಿದ್ದು ನಿಮಗೆ ನೆನಪಿರಬಹುದು. ಎಲ್ಲರೂ ಚಪ್ಪಾಳೆ ತಟ್ಟಿದಿರಿ. ಪ್ರತಿ ಕುಂಡಕ್ಕೂ ಒಂದು ಚೀಟಿ ಕಟ್ಟಿದ್ದೆ. "ನೀರು ಹೆಚ್ಚು ಹಾಕಬೇಡಿ, ಬಿಸಿಲು ಬೀಳುವ ಕಿಟಕಿಯಲ್ಲಿಡಿ" ಎಂದು ಬರೆದಿತ್ತು. ಎರಡು ತಿಂಗಳ ಹಿಂದೆ ಅದೇ ಗ್ರೀನ್‌ಹೌಸಿನಲ್ಲಿ ಸ್ಕೇಲ್ ಬಂದಿತ್ತೆಂದು ಬರೆದಿರಲಿಲ್ಲ. ಹಂಚುವ ಹಿಂದಿನ ರಾತ್ರಿ ಒಂದು ಸಸಿಯ ಎಲೆ ಬೆರಳಿಗೆ ಕೊಂಚ ಅಂಟಿದಂತಾಯಿತು. ಒರೆಸಿ ಇಟ್ಟೆ. ಅಷ್ಟೇ ನಡೆದದ್ದು. ಆ ಒರೆಸಿದ್ದನ್ನು ಇಂದಿಗೂ ಮರೆತಿಲ್ಲ.

ಫೆಬ್ರವರಿಯಲ್ಲಿ ನಮ್ಮ ಸಂಘದ ಹಿರಿಯರೊಬ್ಬರ ಮನೆಗೆ ಹೋಗಿದ್ದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾರೆ. ನಾವೆಲ್ಲ ಅವರನ್ನು ಅಮ್ಮ ಎಂದೇ ಕರೆಯುವುದು. ಅವರ ಮುಂದಿನ ಕೋಣೆಯ ದೊಡ್ಡ ಕಿಟಕಿಯಲ್ಲಿ ಯಾವಾಗಲೂ ಇರುತ್ತಿದ್ದ ಮಲ್ಲಿಗೆ ಇರಲಿಲ್ಲ. ಈ ಊರಿಗೆ ಬಂದ ಹೊಸದರಲ್ಲಿ, ಯಜಮಾನರು ಇದ್ದಾಗ, ಇಬ್ಬರೂ ಸೇರಿ ನೆಟ್ಟ ಗಿಡ ಅದು. ಇಪ್ಪತ್ತೆರಡು ವರ್ಷ ಸಾಕಿದ್ದರು. "ಎಲ್ಲಮ್ಮಾ ಮಲ್ಲಿಗೆ?" ಎಂದೆ. "ಹಳೇದಾಗಿತ್ತಪ್ಪ, ಹೋಯ್ತು. ಕಾಫಿ ಕುಡೀತೀಯಾ?" ಎಂದರು. ಕಿಟಕಿಯ ಹಲಗೆಯ ಮೇಲೆ ಇನ್ನೂ ಅಂಟಿತ್ತು. ಮೂಲೆಯಲ್ಲಿ ನನ್ನ ಕರಿಬೇವು, ನನ್ನ ಅಕ್ಷರದ ಚೀಟಿಯ ಸಮೇತ, ಎಲೆಯೆಲ್ಲ ಕಪ್ಪು ಮಸಿ ಹಿಡಿದು ನಿಂತಿತ್ತು. ಸ್ಕೇಲಿನ ಸಿಹಿ ಅಂಟಿನ ಮೇಲೆ ಬೆಳೆಯುವ ಬೂಷ್ಟು ಅದು. ಕಾಫಿ ಕುಡಿದೆ. ನಾನೂ ಏನೂ ಹೇಳಲಿಲ್ಲ, ಅವರೂ ಏನೂ ಹೇಳಲಿಲ್ಲ.

ಮನೆಗೆ ಕಾರು ಓಡಿಸಿಕೊಂಡು ಬರುವಾಗ ನನ್ನ ಪರವಾಗಿ ನಾನೇ ವಕಾಲತ್ತು ಮಾಡಿದೆ. ಒಂದು, ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು. ಎರಡು, ಹುಳ ಇದೆಯೆಂದು ಖಚಿತವಾಗಿ ಗೊತ್ತಿರಲಿಲ್ಲ. ಮೂರು, ಹೊಸ ಗಿಡವನ್ನು ಬೇರೆ ಇಡಬೇಕಾದ್ದು ತೆಗೆದುಕೊಂಡವರ ಜವಾಬ್ದಾರಿಯೂ ಹೌದು. ಮೂರೂ ಸುಳ್ಳಲ್ಲ. ಆದರೂ ಒಂದೊಂದನ್ನೇ ಹಿಡಿದು ನೋಡಿದರೆ ಯಾವುದೂ ನಿಲ್ಲುವುದಿಲ್ಲ.

ಒಳ್ಳೆಯ ಮನಸ್ಸಿನ ವಾದವನ್ನು ಮೊದಲು ನೋಡೋಣ. ಈ ಕಥೆಯಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ. ಫ್ಲಾರಿಡಾದಿಂದ ತಂದವರು ಪ್ರೀತಿಯಿಂದ ತಂದರು. ನಾನು ಪ್ರೀತಿಯಿಂದ ಹಂಚಿದೆ. ಅಮ್ಮ ಪ್ರೀತಿಯಿಂದ ಅದನ್ನು ಮಲ್ಲಿಗೆಯ ಪಕ್ಕದಲ್ಲಿಟ್ಟುಕೊಂಡರು. ಹುಳ ಪ್ರಯಾಣ ಮಾಡಿದ್ದು ಈ ಪ್ರೀತಿಯ ದಾರಿಯಲ್ಲೇ. ಕೊಡುವವನ ಮನಸ್ಸು ಎಂಥದೆಂದು ಹುಳ ವಿಚಾರಿಸುವುದಿಲ್ಲ.

ಗೊತ್ತಿರಲಿಲ್ಲ ಎಂಬ ವಾದ ಇನ್ನೂ ಸೂಕ್ಷ್ಮ. ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಕೇಳಿರುವ ಒಂದು ಕಥೆ ಮೇರಿ ಮ್ಯಾಲನ್ ಎಂಬ ಅಡುಗೆಯಾಕೆಯದು. ನ್ಯೂಯಾರ್ಕಿನಲ್ಲಿ ಆಕೆ ಕೆಲಸ ಮಾಡಿದ ಮನೆಗಳಲ್ಲಿ ಒಂದಾದ ಮೇಲೊಂದರಂತೆ ವಿಷಮಶೀತ ಜ್ವರ ಬಂತು. ಆಕೆಗೆ ಮಾತ್ರ ಏನೂ ಇಲ್ಲ, ಗಟ್ಟಿಮುಟ್ಟಾಗಿದ್ದಳು. ರೋಗವಿಲ್ಲದೆ ರೋಗಾಣುವನ್ನು ಹೊತ್ತವಳು ಎಂದು 1907ರಲ್ಲಿ ಪತ್ತೆಯಾಗಿ ಆಕೆಯನ್ನು ಒಂದು ದ್ವೀಪದಲ್ಲಿ ಬೇರೆ ಇಟ್ಟರು. ಇನ್ನು ಅಡುಗೆ ಕೆಲಸ ಮಾಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ 1910ರಲ್ಲಿ ಬಿಟ್ಟರು. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಮತ್ತೆ ಜ್ವರ ಹರಡಿತು. ಅಲ್ಲಿ ಬೇರೆ ಹೆಸರಿಟ್ಟುಕೊಂಡು ಅಡುಗೆ ಮಾಡುತ್ತಿದ್ದವಳು ಆಕೆಯೇ. 1938ರಲ್ಲಿ ಸಾಯುವ ತನಕ ಮತ್ತೆ ಆಕೆಗೆ ಬಿಡುಗಡೆ ಸಿಗಲಿಲ್ಲ. 1907ರ ಮೊದಲಿನ ಮೇರಿಯನ್ನು ತಪ್ಪಿತಸ್ಥೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆಮೇಲಿನದಕ್ಕೂ ಪೂರ್ತಿ ಆಕೆಯೊಬ್ಬಳನ್ನೇ ದೂರಲಾರೆ. ಅಡುಗೆ ಬಿಟ್ಟು ಬದುಕುವ ಸರಿಯಾದ ದಾರಿಯನ್ನು ಆಕೆಗೆ ಯಾರೂ ಮಾಡಿಕೊಡಲಿಲ್ಲ. ಆದರೂ ಒಂದು ಮಾತು ಸ್ಪಷ್ಟ. ಗೊತ್ತಾದ ಗಳಿಗೆಯಿಂದ ಮನುಷ್ಯನ ಲೆಕ್ಕ ಬೇರೆಯಾಗುತ್ತದೆ.

ಹಾಗಾದರೆ ನನಗೆ ಗೊತ್ತಾದದ್ದು ಯಾವಾಗ? ಅಮ್ಮನ ಮನೆಯಲ್ಲೇ? ಅಲ್ಲ. ಆ ರಾತ್ರಿ, ಬೆರಳಿಗೆ ಅಂಟಿದಾಗ. ಗೊತ್ತಿಲ್ಲದಿರುವುದು ಒಂದು, ಗೊತ್ತು ಮಾಡಿಕೊಳ್ಳದಿರುವುದು ಇನ್ನೊಂದು. ಭೂತಗನ್ನಡಿ ಕೈಗೆಟುಕುವಂತೆ ಮೊಳೆಗೆ ತೂಗುತ್ತಿತ್ತು. ತೆಗೆದು ನೋಡಿದ್ದರೆ ಹಂಚುವ ಕಾರ್ಯಕ್ರಮ ಹಾಳಾಗುತ್ತಿತ್ತು. ಆದ್ದರಿಂದ ನೋಡಲಿಲ್ಲ. ಮೂರನೆಯ ವಾದ ಇಲ್ಲಿಗೆ ತಾನಾಗಿಯೇ ಬಿದ್ದುಹೋಗುತ್ತದೆ. ನಾನು ಹೇಳಿದ್ದರೆ ತಾನೇ ಅಮ್ಮ ಗಿಡವನ್ನು ಬೇರೆ ಇಡುವುದು?

ಆ ದಿನಗಳಲ್ಲಿ ನನ್ನ ಅಜ್ಜನ ನೆನಪು ಬಹಳ ಕಾಡಿತು. ತೀರ್ಥಹಳ್ಳಿಯ ಕಡೆ ನಮ್ಮದು ಸಣ್ಣದೊಂದು ಅಡಿಕೆ ತೋಟ. ಮಲೆನಾಡಿನವರಿಗೆ ಕೊಳೆರೋಗದ ಹೆಸರು ಹೇಳಿದರೆ ಸಾಕು, ಮುಖ ಬಾಡುತ್ತದೆ. ಆಷಾಢ ಶ್ರಾವಣದ ಮಳೆ ಬಿಡದೆ ಸುರಿಯುವಾಗ ಎಳೆಯ ಕಾಯಿ ಕೊಳೆತು ಉದುರುತ್ತದೆ. ಹದಿನೈದು ದಿನದಲ್ಲಿ ವರ್ಷದ ಫಸಲು ನೆಲದ ಪಾಲು. ಹಿಂದೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಈ ರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಹೊಡೆಯುವ ಕ್ರಮವನ್ನು ನಮ್ಮ ರೈತರಿಗೆ ಕಲಿಸಿದರು. ಅವರು ಕೆನಡಾದವರು. ಅಲ್ಲಿಂದ ಮಲೆನಾಡಿಗೆ ಹೋಗಿ ನಮ್ಮ ಅಡಿಕೆ ಉಳಿಸಿದರು, ನಾವು ಇಲ್ಲಿಗೆ ಬಂದು ಇಲ್ಲಿಯವರ ರಕ್ತದೊತ್ತಡ ನೋಡುತ್ತಿದ್ದೇವೆ. ಋಣ ಹೀಗೂ ತೀರುತ್ತದೆ.

ಮದ್ದು ಹೊಡೆದರೆ ಮಾತ್ರ ಸಾಲದು, ಉದುರಿದ ಕೊಳೆ ಅಡಿಕೆಯನ್ನು ಹೆಕ್ಕಿ ತೋಟದಿಂದ ಹೊರಗೆ ಸಾಗಿಸಬೇಕು. ಇಲ್ಲದಿದ್ದರೆ ಮಳೆಯ ಎರಚಲಿನಲ್ಲಿ, ಗಾಳಿಯಲ್ಲಿ ರೋಗ ಹಬ್ಬುತ್ತದೆ. ಅದಕ್ಕೆ ಬೇಲಿಯ ಗುರುತಿಲ್ಲ. ನಾನು ಹತ್ತು ವರ್ಷದವನಿದ್ದಾಗ ಒಂದು ವರ್ಷ ಊರಿನಲ್ಲಿ ಮೊದಲು ಕೊಳೆ ಬಿದ್ದದ್ದು ನಮ್ಮ ತೋಟಕ್ಕೇ. ಅಜ್ಜ ಕಂಬಳಿ ಕೊಪ್ಪೆ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು, ಸುರಿಯುವ ಮಳೆಯಲ್ಲಿ ಅಕ್ಕಪಕ್ಕದ ನಾಲ್ಕು ತೋಟದ ಮನೆಗಳಿಗೆ ಹೋದರು. ಜಗಲಿ ಹತ್ತದೆ ಅಂಗಳದಲ್ಲೇ ನಿಂತು ಹೇಳಿದರು: "ನನ್ನ ತೋಟಕ್ಕೆ ಕೊಳೆ ಬಿದ್ದಿದೆ ಮಾರಾಯ್ರೆ. ಮಳೆ ಹೊಳವಾದ ಕೂಡಲೆ ನೀವು ಇನ್ನೊಂದು ಸಲ ಮದ್ದು ಹೊಡೆಸಿಬಿಡಿ." ನನಗೆ ನಾಚಿಕೆಯಾಗಿತ್ತು. ನಮ್ಮ ತೋಟ ಕೆಟ್ಟಿದೆಯೆಂದು ನಾವೇ ಮನೆಮನೆಗೆ ಹೋಗಿ ಸಾರುವುದೇ? ದಾರಿಯಲ್ಲಿ ಕೇಳಿದೆ. ಅಜ್ಜ, "ಅಡಿಕೆ ನನ್ನದು, ಗಾಳಿ ನನ್ನದಾ?" ಎಂದರು. ಬೇರೇನೂ ಹೇಳಲಿಲ್ಲ. ಅವರು ಶಾಲೆಯ ಮೆಟ್ಟಿಲು ಹತ್ತಿದ್ದು ನಾಲ್ಕೇ ವರ್ಷ. ನನಗೆ ಹೆಸರಿನ ಮುಂದೆ ಹಿಂದೆ ಅಕ್ಷರಗಳಿವೆ.

ಅಮ್ಮನ ಮನೆಯಿಂದ ಬಂದ ಮೇಲೆ ನಾನು ಮೊದಲು ಮಾಡಿದ್ದು ಅಜ್ಜನ ಕೆಲಸವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಸಿಟ್ಟು ಹುಳಗಳ ಮೇಲೆ ತಿರುಗಿತು. ಒಂದೂ ಉಳಿಯಬಾರದು ಎಂದು ಪ್ರಬಲವಾದ ಕೀಟನಾಶಕ ತಂದು ಮೂರು ವಾರ ಹೊಡೆದೆ. ಆ ಗಿಡಗಳ ಎಲೆಯನ್ನು ಮುಂದೆ ಎಷ್ಟೋ ಕಾಲ ಒಗ್ಗರಣೆಗೆ ಹಾಕುವ ಹಾಗಿರಲಿಲ್ಲ. ಸ್ಕೇಲ್ ಕಡಿಮೆಯಾಯಿತು. ಆದರೆ ಅದರ ಬೆನ್ನಿಗೇ ನುಸಿ ಎಂದೂ ಇಲ್ಲದಷ್ಟು ಎದ್ದಿತು. ನುಸಿಯನ್ನು ತಿಂದು ಹತೋಟಿಯಲ್ಲಿಟ್ಟಿದ್ದ ಸಣ್ಣ ಜೀವಿಗಳನ್ನು ನಾನೇ ಕೊಂದಿದ್ದೆ, ನುಸಿಗೆ ಆ ಮದ್ದು ನಾಟಿರಲಿಲ್ಲ. ಇದೂ ನನಗೆ ಹೊಸದಾಗಿರಬಾರದಿತ್ತು. ಆಂಟಿಬಯಾಟಿಕ್ ಕೊಟ್ಟು ಕರುಳಿನ ಒಳ್ಳೆಯ ಕ್ರಿಮಿಗಳೂ ಸತ್ತ ಮೇಲೆ, ಅಲ್ಲಿ ಬೇರೊಂದು ದುಷ್ಟ ಕ್ರಿಮಿ ಬೆಳೆದು ಭೇದಿಯಿಂದ ನರಳಿದ ರೋಗಿಗಳನ್ನು ನೋಡಿದ್ದೇನೆ.

ಆಗ ಓದಿದ ಒಂದು ಸಂಗತಿ ನನ್ನ ಕಣ್ಣು ತೆರೆಸಿತು. 1926ರಲ್ಲಿ ಇಂಗ್ಲೆಂಡಿನ ಟೊಮೇಟೊ ಬೆಳೆಗಾರರೊಬ್ಬರು ತಮ್ಮ ಗಾಜಿನ ಮನೆಯಲ್ಲಿ ಬಿಳಿನೊಣದ ಮರಿಗಳಲ್ಲಿ ಕೆಲವು ಕಪ್ಪಾಗಿರುವುದನ್ನು ಕಂಡು, ಹತ್ತಿರದ ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ಎನ್ಕಾರ್ಸಿಯಾ ಎಂಬ, ಒಂದು ಮಿಲಿಮೀಟರೂ ಇಲ್ಲದ ಕಣಜ ಆ ಮರಿಗಳೊಳಗೆ ಮೊಟ್ಟೆಯಿಟ್ಟಿತ್ತು. ಮುಂದಿನ ವರ್ಷಗಳಲ್ಲಿ ಅದನ್ನು ಸಾಕಿ ದೇಶದ ಉದ್ದಗಲಕ್ಕೂ ಬೆಳೆಗಾರರಿಗೆ ಹಂಚಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಡಿಡಿಟಿ ಬಂತು. ಇನ್ನು ಈ ಕಣಜ ಯಾರಿಗೆ ಬೇಕು ಎಂದು ಕೈಬಿಟ್ಟರು. ಹುಳಗಳು ಔಷಧಕ್ಕೆ ಬಗ್ಗದಾದ ಮೇಲೆ 1970ರ ದಶಕದಲ್ಲಿ ಮತ್ತೆ ಅದನ್ನೇ ಹುಡುಕಿಕೊಂಡು ಬಂದರು. ನಮ್ಮ ಕಡೆಯದೂ ಒಂದು ಉದಾಹರಣೆಯಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಕರ್ನಾಟಕಕ್ಕೂ ಹಬ್ಬಿದ ಪಪ್ಪಾಯಿಯ ಹಿಟ್ಟು ತಿಗಣೆಯನ್ನು ಹತೋಟಿಗೆ ತಂದದ್ದು, 2010ರಲ್ಲಿ ಬೆಂಗಳೂರಿನ ಕೇಂದ್ರ ಸರ್ಕಾರದ ಕೀಟ ಸಂಸ್ಥೆಯವರು ಪೋರ್ಟೊರಿಕೊದಿಂದ ತರಿಸಿ ಬಿಟ್ಟ ಇಂಥವೇ ಪುಟ್ಟ ಕಣಜಗಳು.

ಇದು ಅಹಿಂಸೆ ಎಂದು ಯಾರೂ ತಿಳಿಯಬೇಡಿ. ಮರಿಯ ಮೈಯೊಳಗೇ ಇದ್ದು ಅದನ್ನು ತಿಂದು ಹೊರಬರುವ ಕಣಜ ಕರುಣೆಯ ಮೂರ್ತಿಯಲ್ಲ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಈ ವಿಧಾನದಲ್ಲಿ ಬಿಳಿನೊಣ ಪೂರ್ತಿ ನಾಶವಾದರೆ ಕಣಜಕ್ಕೆ ಅನ್ನವಿಲ್ಲ, ಅದೂ ಸಾಯುತ್ತದೆ. ಅಂದರೆ ಹುಳ ಸ್ವಲ್ಪ ಇರಲೇಬೇಕು. ಒಂದೂ ಹುಳವಿಲ್ಲದ ಶುದ್ಧ ಗ್ರೀನ್‌ಹೌಸ್ ಎಂಬುದು ನಮ್ಮ ತಲೆಯಲ್ಲಿ ಮಾತ್ರ ಇದೆ. ಕ್ರಿಮಿಯಿಲ್ಲದ ಮೈ ಹೇಗೆ ಇಲ್ಲವೋ ಹಾಗೆಯೇ, ದೋಷವಿಲ್ಲದ ಮನೆತನವೂ ಇಲ್ಲ.

ಇಲ್ಲಿಗೆ ಬಂದಾಗ ನನ್ನ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತು. ನಿರ್ದೋಷವಾದ ಗಿಡವನ್ನು ಕೊಡುತ್ತೇನೆಂದು ನಾನು ಮಾತು ಕೊಡಲಾರೆ. ಅದು ನನ್ನ ಕೈಯಲ್ಲಿಲ್ಲ. ನನಗೆ ಗೊತ್ತಿರುವುದನ್ನು ಮುಚ್ಚಿಡದೆ ಕೊಡುವುದು ಮಾತ್ರ ನನ್ನ ಕೈಯಲ್ಲಿದೆ. ಸ್ಕೇಲ್ ಬಂದದ್ದು ತಪ್ಪಲ್ಲ, ಅದು ಯಾರ ಮನೆಗೂ ಬರುತ್ತದೆ. ಒರೆಸಿಟ್ಟದ್ದು ತಪ್ಪು.

ಆದರೆ ಹೇಳಿ ಕೊಟ್ಟರೆ ಎಲ್ಲವೂ ಸರಿಯೇ? ಇದಕ್ಕೊಂದು ಗಡಿಯಿದೆ, ಅದೂ ನಮ್ಮ ಕರಿಬೇವಿನಿಂದಲೇ ತಿಳಿಯುತ್ತದೆ. ಏಷ್ಯಾದಿಂದ ಬಂದ ಸಿಲ್ಲಿಡ್ ಎಂಬ ಮೂರು ನಾಲ್ಕು ಮಿಲಿಮೀಟರಿನ ಹುಳ 1998ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡಿತು. ಕಿತ್ತಳೆ ನಿಂಬೆ ಗಿಡಗಳನ್ನು ಕೊಲ್ಲುವ ಗ್ರೀನಿಂಗ್ ರೋಗದ ಬ್ಯಾಕ್ಟೀರಿಯಾವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಈ ಹುಳ. ರೋಗ 2005ರಲ್ಲಿ ಅಲ್ಲಿ ಪತ್ತೆಯಾಯಿತು. 2003-04ರಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿದ್ದ ಫ್ಲಾರಿಡಾದಲ್ಲಿ 2022-23ರಲ್ಲಿ ಸಿಕ್ಕಿದ್ದು 1.6 ಕೋಟಿ ಪೆಟ್ಟಿಗೆ. ಚಂಡಮಾರುತಗಳ ಪಾಲೂ ಇದರಲ್ಲಿದೆ ನಿಜ, ಆದರೆ ದೊಡ್ಡ ಪೆಟ್ಟು ಈ ರೋಗದ್ದು. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲು ರೋಗ ಕಂಡದ್ದು ಲಾಸ್ ಏಂಜಲಿಸ್ ಬಳಿಯ ಒಂದು ಮನೆಯ ಹಿತ್ತಿಲ ಮರದಲ್ಲಿ. ನಮ್ಮ ಕೊಡಗಿನ ಕಿತ್ತಳೆ ಕ್ಷೀಣಿಸಿದ್ದಕ್ಕೂ ಈ ರೋಗ ಒಂದು ಕಾರಣ. ಒಮ್ಮೆ ಮರಕ್ಕೆ ಹತ್ತಿದರೆ ಗುಣಪಡಿಸುವ ಮದ್ದಿಲ್ಲ. ಹತ್ತಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹೊರಗೆ ಏನೂ ಕಾಣುವುದೂ ಇಲ್ಲ.

ಕರಿಬೇವು ಕಿತ್ತಳೆಯ ದೂರದ ನೆಂಟ. ಅದಕ್ಕೆ ಈ ರೋಗ ಬರುವುದಿಲ್ಲ, ಆದರೆ ಸಿಲ್ಲಿಡ್ ಹುಳಕ್ಕೆ ಅದರ ಎಳೆಯ ಚಿಗುರು ಬಹಳ ಇಷ್ಟ. ತಾನು ಹಸಿರಾಗಿದ್ದು ಇತರರಿಗೆ ಸಾವನ್ನು ಹೊತ್ತು ಹೋಗಬಲ್ಲ ಗಿಡ, ಮೇರಿಯಂತೆ. ಆದ್ದರಿಂದಲೇ ಇಂಥ ಗಿಡಗಳನ್ನು ಫ್ಲಾರಿಡಾದಿಂದ ಹೊರಗೆ ಒಯ್ಯಲು ಸರ್ಕಾರದ ಕಟ್ಟುಪಾಡುಗಳಿವೆ. ನನ್ನ ಆತ್ಮೀಯರಿಗೆ ಅದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನ್ನ ಗಿಡದಲ್ಲಿ ಸ್ಕೇಲ್ ಬಂತು, ಸಿಲ್ಲಿಡ್ ಬರಲಿಲ್ಲ. ಅದು ನನ್ನ ಅದೃಷ್ಟ, ನನ್ನ ಎಚ್ಚರಿಕೆಯಲ್ಲ. ಅದೃಷ್ಟದಿಂದ ಉಳಿದವನು ತಾನು ತಪ್ಪೇ ಮಾಡಲಿಲ್ಲ ಎನ್ನಬಾರದು.

ಹೋದ ವರ್ಷ ಕ್ಯಾಲಿಫೋರ್ನಿಯಾಕ್ಕೆ ಮನೆ ಬದಲಿಸಿದ ಸ್ನೇಹಿತರೊಬ್ಬರು ಒಂದು ಸಸಿ ಕೇಳಿದರು. "ಹುಳ ಇದ್ದರೂ ಪರವಾಗಿಲ್ಲ ಡಾಕ್ಟ್ರೇ, ನಾನು ನೋಡಿಕೊಳ್ಳುತ್ತೇನೆ" ಎಂದರು. ಕೊಡಲಿಲ್ಲ. ಅವರಿಗೆ ಬೇಸರವಾಯಿತು, ಇಂದಿಗೂ ಸ್ವಲ್ಪ ಇದೆ. ಸ್ಕೇಲಿನ ನಷ್ಟ ತೆಗೆದುಕೊಂಡವರಿಗೆ. ಅವರು ತಿಳಿದು ಒಪ್ಪಿದರೆ ಸರಿ. ಸಿಲ್ಲಿಡ್ಡಿನ ನಷ್ಟ ನಾವಿಬ್ಬರೂ ಕಾಣದ ಯಾವುದೋ ಕಿತ್ತಳೆ ತೋಟದವನಿಗೆ. ಅವನನ್ನು ನಾವು ಕೇಳಿಲ್ಲ. ಅವನ ಪರವಾಗಿ ಒಪ್ಪಿಗೆ ಕೊಡಲು ನಾವು ಯಾರು? ಊರಿನಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತರುವ ಮಲ್ಲಿಗೆಯ ಕಡ್ಡಿ, ಒಂದು ಹಿಡಿ ಮಣ್ಣು, ಇವಕ್ಕೂ ಇದೇ ಮಾತು. ಒಂದು ಸಣ್ಣ ಗಿಡದಿಂದ ಏನಾಗುತ್ತದೆ ಎನ್ನುತ್ತೇವೆ. ಅಜ್ಜನ ಪ್ರಶ್ನೆಯೇ ಇದಕ್ಕೆ ಉತ್ತರ.

ಕೊನೆಗೆ ಅಮ್ಮನ ಮನೆಗೆ ಮತ್ತೆ ಹೋದೆ, ಅಂಗಳದಲ್ಲಿ ನಿಲ್ಲುವ ಧೈರ್ಯ ಬರಲು ಒಂದೂವರೆ ತಿಂಗಳು ಬೇಕಾಯಿತು. ಎಲ್ಲವನ್ನೂ ಹೇಳಿದೆ, ಒರೆಸಿದ್ದನ್ನೂ ಸೇರಿಸಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಗಿಡದಿಂದಲೇ ಬಂದದ್ದು ಅಂತ ಡಿಸೆಂಬರಿನಲ್ಲೇ ಗೊತ್ತಿತ್ತಪ್ಪ. ನಿನಗೆ ನೋವಾಗುತ್ತೆ ಅಂತ ಹೇಳಲಿಲ್ಲ" ಎಂದರು. ಆಮೇಲೆ ಕಣ್ಣೊರೆಸಿಕೊಂಡು ಇನ್ನೊಂದು ಮಾತು ಹೇಳಿದರು. ಅದು ಗೊತ್ತಾಗುವ ಮೊದಲು ಅದೇ ಮಲ್ಲಿಗೆಯ ಎರಡು ಕಡ್ಡಿಗಳನ್ನು ಅವರು ಇನ್ನಿಬ್ಬರಿಗೆ ಕೊಟ್ಟಿದ್ದರು. ಅವರಿಗೂ ಹೇಳಿರಲಿಲ್ಲ. ಹೇಳಿದರೆ ನನ್ನ ಹೆಸರು ಬರುತ್ತದಲ್ಲ ಎಂದು.

ನೋಡಿ, ದಾಕ್ಷಿಣ್ಯ ಎಲ್ಲಿಂದ ಎಲ್ಲಿಗೆ ಹೋಯಿತು! ಈ ಗುಣವನ್ನು ನಾನು ಹಳಿಯುವುದಿಲ್ಲ. ಪರದೇಶದಲ್ಲಿ ನಾವು ನೂರಾರು ಮನೆಯವರು ಇಷ್ಟು ವರ್ಷ ಜಗಳವಾಡದೆ ಒಟ್ಟಿಗೆ ಉಣ್ಣುತ್ತಿರುವುದು ಬಹುಪಾಲು ಅದರ ದಯೆಯಿಂದ. ಆದರೆ ದಾಕ್ಷಿಣ್ಯದ ಬಗ್ಗೆ ಒಂದು ಗಾದೆಯಿದೆ. ಮಕ್ಕಳೂ ಓದುವ ಪತ್ರಿಕೆಯಾದ್ದರಿಂದ ಬರೆಯುವುದಿಲ್ಲ, ದೊಡ್ಡವರಿಗೆಲ್ಲ ಗೊತ್ತಿದೆ. ನನ್ನ ಕ್ಲಿನಿಕ್ಕಿಗೆ ಬರುವ ನಮ್ಮ ಹಿರಿಯರು ಮಾತ್ರೆ ನಿಲ್ಲಿಸಿ ಮೂರು ತಿಂಗಳಾಗಿದ್ದರೂ "ಡಾಕ್ಟರಿಗೆ ಬೇಸರವಾದೀತು" ಎಂದು ಹೇಳುವುದಿಲ್ಲ. ಮನೆಯ ಹುಡುಗನಿಗೆ ಮನಸ್ಸು ಸರಿಯಿಲ್ಲದ್ದನ್ನು ಹೆಣ್ಣಿನ ಕಡೆಯವರಿಗೆ ಹೇಳುವುದಿಲ್ಲ. ನೋವಾಗಬಾರದೆಂದು ಮುಚ್ಚಿಟ್ಟ ಮಾತು ಚಿಪ್ಪಿನಡಿಯಲ್ಲಿ ಮರಿ ಮಾಡುತ್ತಿರುತ್ತದೆ.

ಅಂದು ಸಂಜೆಯೇ ಅಮ್ಮ ಮತ್ತು ನಾನು ಕೂತು ಆ ಇಬ್ಬರಿಗೂ, ಸಸಿ ಪಡೆದ ಉಳಿದ ಹದಿಮೂರು ಮನೆಗೂ ಫೋನ್ ಮಾಡಿದೆವು. ಐದು ಮನೆಗಳಲ್ಲಿ ಸ್ಕೇಲ್ ಇತ್ತು. ಐವರೂ ನನಗೆ ಹೇಳಿರಲಿಲ್ಲ.

ಈಗ ನನ್ನ ಗ್ರೀನ್‌ಹೌಸಿನಲ್ಲಿ ಕೆಲವು ನಿಯಮಗಳಿವೆ. ಹೊಸದಾಗಿ ಬಂದ ಗಿಡ, ಯಾರು ತಂದದ್ದೇ ಆಗಲಿ, ಒಂದು ತಿಂಗಳು ಬೇರೆ ಕೋಣೆಯಲ್ಲಿ. ವಾರಕ್ಕೆರಡು ಸಲ ಪ್ರತಿ ಗಿಡದ ಎಲೆಯ ಅಡಿಭಾಗವನ್ನು ಭೂತಗನ್ನಡಿಯಲ್ಲಿ ನೋಡುವುದು. ಹಳದಿ ಅಂಟು ಕಾಗದ ತೂಗಿಟ್ಟು, ಬಿದ್ದ ಹುಳಗಳನ್ನು ಎಣಿಸುವುದು. ನೀರು ಹಾಕುವುದು ಬೆಳಿಗ್ಗೆ, ರಾತ್ರಿಯೊಳಗೆ ಎಲೆ ಒಣಗುವಂತೆ; ಹಗಲು ಫ್ಯಾನು ನಿಲ್ಲಿಸುವಂತಿಲ್ಲ. ಸ್ಕೇಲ್ ಕಂಡರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದು, ಸೋಪಿನ ನೀರನ್ನು ವಾರಕ್ಕೊಮ್ಮೆ, ಕೊನೆಯ ಮರಿ ಕಂಡ ಮೇಲೂ ಒಂದು ತಿಂಗಳು.

ಬರುವ ದೀಪಾವಳಿಗೆ ಒಂಬತ್ತು ಸಸಿಗಳು ತಯಾರಾಗುತ್ತಿವೆ. ಪ್ರತಿಯೊಂದಕ್ಕೂ ಚೀಟಿ ಇರುತ್ತದೆ. ಎಲ್ಲಿಂದ ಬಂದದ್ದು, ಏನು ರೋಗ ಬಂದಿತ್ತು, ಕೊನೆಯ ಸಲ ನೋಡಿದ್ದು ಯಾವಾಗ ಎಂದು ಬರೆದಿರುತ್ತದೆ. ಓದಿ, ಬೇಡವೆನಿಸಿದರೆ ಬಿಟ್ಟುಬಿಡಿ, ನನಗೇನೂ ಬೇಸರವಿಲ್ಲ. ತೆಗೆದುಕೊಂಡ ಮೇಲೆ ಹುಳ ಕಂಡರೆ ದಯವಿಟ್ಟು ಅಂದೇ ಫೋನ್ ಮಾಡಿ. ಮೊದಲನೆಯದನ್ನು ಅಮ್ಮ ಈಗಲೇ ಕೇಳಿಟ್ಟಿದ್ದಾರೆ. "ಕೊಡು, ಆದರೆ ಚೀಟಿಯನ್ನು ಮೊದಲು ಓದಿ ಹೇಳು, ನನಗೆ ಕನ್ನಡಕ ಸಿಗುತ್ತಿಲ್ಲ" ಎಂದರು.

ಸಂಪಾದಕರಿಗೆ ಒಂದು ಮಾತು: ಸಕ್ಕರೆ ಕಾಯಿಲೆಯ ಲೇಖನ ಮುಂದಿನ ಸಂಚಿಕೆಗೆ.